ಟೇಲರನ ಗ್ರಂಥದಲ್ಲಿ ಸುರಪುರ

ಸುರಪುರಕ್ಕೆ ಬಂದವರು ಬೆಟ್ಟದ ಮೇಲಿನ ಟೇಲರ್ ಮಂಜಿಲನ್ನು ನೋಡದೆ ಮರಳುವುದು ವಿರಳ. ಆ ಮನೆಯನ್ನು ಕಟ್ಟಿಸಿದ ಮೆಡೋಸ್ ಟೇಲರನ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಅವನು ತೀರಿದ ಮೇಲೆ, 1877ರಲ್ಲಿ ಪ್ರಕಟವಾಯಿತು. ಬೇಡ ನಾಯಕರ ಈ ರಾಜಧಾನಿಯನ್ನು ಹೊರನಾಡಿನವರು ಬಹುಮಟ್ಟಿಗೆ ಅರಿತದ್ದು ಆ ಗ್ರಂಥದಿಂದಲೇ.

1841ರಿಂದ 1853ರವರೆಗೆ ಟೇಲರನು ಬಾಲರಾಜ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡನು. ಬಾಲಕನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಕೆರೆ, ಕಂದಾಯಗಳ ವಿಷಯವನ್ನು ಬರೆಯುವಾಗ ಲೇಖಕನ ಕೈ ಪಳಗಿದ್ದು. ಆದರೆ ಅಧಿಕಾರಕ್ಕಾಗಿ ತನ್ನೊಡನೆ ಸೆಣಸಿದ ರಾಣಿ ಈಶ್ವರಮ್ಮನ ವಿಷಯದಲ್ಲಿ ಅವನೇ ವಾದಿ, ಅವನೇ ನ್ಯಾಯಾಧೀಶ. ಅಪ್ರಾಪ್ತನ ಸ್ವತ್ತನ್ನು ಕಾಯುವವನೇ ತನ್ನ ಲೆಕ್ಕವನ್ನು ತಪಾಸಣೆ ಮಾಡಿದರೆ ಒಪ್ಪಲಾದೀತೆ? ಬಸದಿಗಳ ಆಡಳಿತ ನೋಡುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1858ರ ದಂಗೆಯ ತರುವಾಯದ ಪುಟಗಳೇ ಗ್ರಂಥದ ಸಾರ. ಸೆರೆಯಲ್ಲಿದ್ದ ರಾಜನನ್ನು ಟೇಲರನು ಕಂಡು, ಪ್ರೇರೇಪಿಸಿದವರ ಹೆಸರು ಹೇಳಿದರೆ ಒಳಿತಾದೀತೆಂದು ಸೂಚಿಸುತ್ತಾನೆ. ರಾಜನು ಹೇಳಲೊಲ್ಲನು, ನೇಣಿಗಿಂತ ತೋಪಿನ ಬಾಯಿ ಮೇಲೆನ್ನುತ್ತಾನೆ. ತನ್ನ ಬೇಡಿಕೆಯೇ ಸಣ್ಣದಾಗಿ ಕಾಣುವ ಈ ಪ್ರಸಂಗವನ್ನು ಮರೆಮಾಚದೆ ಬರೆದದ್ದು ಟೇಲರನ ದೊಡ್ಡತನ.

ಮರಣದಂಡನೆಯು ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ರಾಜನು ಗುಂಡೇಟಿನಿಂದ ಮಡಿದನು. ತನ್ನ ಹನ್ನೆರಡು ವರ್ಷಗಳ ಪಾಲನೆ ಎಲ್ಲಿ ಎಡವಿತೆಂದು ಇಲ್ಲಿ ಟೇಲರನು ಕೇಳಿಕೊಳ್ಳಬೇಕಿತ್ತು. ಅದರ ಬದಲು, ರಾಜನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟನೆಂಬ ಜಾತಕವು ಫಲಿಸಿತೆಂದು ಬೆರಗಾಗುತ್ತಾನೆ.