ಯಾರ ಕಡೆಯಿಂದ ಬಂತು?

ನಮ್ಮ ಅಕ್ಕನ ಮಗ ಮೂರು ವರ್ಷ ತುಂಬಿದರೂ ಮಾತಾಡಲಿಲ್ಲ. "ಗಂಡುಮಕ್ಕಳಿಗೆ ಮಾತು ಸ್ವಲ್ಪ ತಡ" ಎಂದು ಸಮಾಧಾನ ಹೇಳುತ್ತಿದ್ದವರೇ ಆಮೇಲಾಮೇಲೆ ಅವಳನ್ನು ಅಡುಗೆಮನೆಯ ಮೂಲೆಗೆ ಕರೆದು ಕೇಳತೊಡಗಿದರು: "ಅಲ್ಲಾ, ಇದು ಯಾರ ಕಡೆಯಿಂದ ಬಂತು?" ಅಕ್ಕನನ್ನು ಕೊಟ್ಟಿದ್ದು ನಮ್ಮ ಸೋದರಮಾವನಿಗೇ. ಅವಳ ಅತ್ತೆ ಎಂದರೆ ನಮ್ಮ ಸ್ವಂತ ಅಜ್ಜಿ. ಹೀಗೆ ಎರಡು ಕಡೆಯೂ ಒಂದೇ ಆಗಿದ್ದ ಮನೆಯಲ್ಲೂ ಆ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತು. ಬಸುರಿಯಾಗಿದ್ದಾಗ ಅಕ್ಕ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳಂತೆ. ಅವಳ ಅಪ್ಪನ ಕಡೆ ಯಾರೋ ಒಬ್ಬರು 'ಒಂಥರಾ' ಇದ್ದರಂತೆ. ಅಂತೂ ತಪ್ಪು ಅವಳದೇ ಆಯಿತು.

ಎಷ್ಟೋ ವರ್ಷಗಳ ನಂತರ ನಮ್ಮೂರಿನ ಲೈಬ್ರರಿಯಲ್ಲಿ ಪರ್ಲ್ ಬಕ್ ಅವರ 'ದಿ ಚೈಲ್ಡ್ ಹೂ ನೆವರ್ ಗ್ರೂ' ಎಂಬ ತೆಳ್ಳನೆಯ ಪುಸ್ತಕ ಕೈಗೆ ಸಿಕ್ಕಿದಾಗ ನನಗೆ ಅಕ್ಕನ ಮುಖವೇ ಕಣ್ಣೆದುರು ಬಂತು. ಚೀನಾದ ರೈತರ ಬದುಕನ್ನು 'ದಿ ಗುಡ್ ಅರ್ತ್' ಕಾದಂಬರಿಯಲ್ಲಿ ಚಿತ್ರಿಸಿ, 1938ರಲ್ಲಿ ನೊಬೆಲ್ ಬಹುಮಾನ ಪಡೆದ ಲೇಖಕಿ ಆಕೆ. 1920ರಲ್ಲಿ ಹುಟ್ಟಿದ ಅವರ ಮಗಳ ಬುದ್ಧಿ ಬೆಳೆಯಲಿಲ್ಲ. ಅದನ್ನು ಲೋಕದ ಮುಂದೆ ಹೇಳಿಕೊಳ್ಳಲು ಅವರಿಗೆ 1950ರವರೆಗೆ ಬೇಕಾಯಿತು. ಮೊದಲು ಅಮೆರಿಕದ ಒಂದು ಮಹಿಳಾ ಪತ್ರಿಕೆಯಲ್ಲಿ ಬಂದ ಬರಹ ಅದೇ ವರ್ಷ ಪುಸ್ತಕವಾಯಿತು.

ಈ ಪುಸ್ತಕದ ದೊಡ್ಡ ಗುಣ ಅದರ ಪ್ರಾಮಾಣಿಕತೆ. ಡಾಕ್ಟರಿಂದ ಡಾಕ್ಟರಿಗೆ ಅಲೆದದ್ದು, ಎಲ್ಲರೂ ನಯವಾದ ಮಾತಾಡಿ ಕಳಿಸಿದ್ದು, ಕೊನೆಗೊಬ್ಬ ವೈದ್ಯ ಆಸ್ಪತ್ರೆಯ ಪಡಸಾಲೆಯಲ್ಲಿ ತಡೆದು ನಿಲ್ಲಿಸಿ, ಈ ಮಗು ಎಂದೂ ಸರಿಹೋಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದು, ಎಲ್ಲವೂ ಇಲ್ಲಿದೆ. ಆ ಕಠೋರ ಮಾತಿಗೆ ತಾವು ಋಣಿ ಎನ್ನುತ್ತಾರೆ ಲೇಖಕಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಣ್ಣ ಪ್ರಸಂಗ. ಮಗಳಿಗೆ ಬರೆಯಲು ಕಲಿಸಬೇಕೆಂದು ಹಟ ತೊಟ್ಟ ತಾಯಿ ಒಂದು ದಿನ ಆ ಪುಟ್ಟ ಕೈ ಹಿಡಿದು ನೋಡುತ್ತಾರೆ, ಅದು ಬೆವರಿನಿಂದ ಒದ್ದೆಯಾಗಿದೆ! ತನಗೆ ಅರ್ಥವೇ ಆಗದ್ದನ್ನು ಮಗು ಅಮ್ಮನನ್ನು ಮೆಚ್ಚಿಸಲಿಕ್ಕಾಗಿ ಮಾಡುತ್ತಿದೆ. ಅಂದಿಗೆ ಅವರು ಪಾಠ ನಿಲ್ಲಿಸಿದರು. ಸ್ಲೇಟು ಹಿಡಿಸಿ ಮಕ್ಕಳ ಬೆನ್ನಿಗೆ ಗುದ್ದಿದ ನಮ್ಮಂಥ ತಾಯಂದಿರು ಈ ಪುಟವನ್ನು ಎರಡು ಸಲ ಓದಬೇಕು.

ಆದರೆ ಪುಸ್ತಕ ಒಂದು ಕಡೆ ನನ್ನ ಕೈಬಿಟ್ಟಿತು. ನೊಂದ ತಂದೆತಾಯಿಗೆ ಧೈರ್ಯ ಹೇಳುವಾಗ ಬಕ್, ಇಂಥ ಮಕ್ಕಳನ್ನು ಕಂಡೊಡನೆ ವಂಶಕ್ಕೆ ಕಳಂಕ ಹಚ್ಚುವುದು ಬಹಳ ಸಲ ಅನ್ಯಾಯ ಎಂದು ವಾದಿಸುತ್ತಾರೆ. ಕೇಳಲು ಹಿತವಾದ ಮಾತು. ಅದು ಆಗ ಬೇಕಾಗಿಯೂ ಇತ್ತು. ಅವರು 1929ರಲ್ಲಿ ಮಗಳನ್ನು ಸೇರಿಸಿದ್ದು ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನ ಶಾಲೆಗೆ. ಅಲ್ಲಿಯೇ ಹೆನ್ರಿ ಗೊಡ್ಡಾರ್ಡ್ ಎಂಬ ಮನಶ್ಶಾಸ್ತ್ರಜ್ಞ ಕೆಲಸ ಮಾಡುತ್ತಾ, 1912ರಲ್ಲಿ ಒಂದು ಕುಟುಂಬದ ಕಥೆ ಬರೆದು, ಮಂದಬುದ್ಧಿ ಕೆಟ್ಟ ರಕ್ತದಿಂದ ಹರಿದು ಬರುತ್ತದೆ, ಅಂಥವರಿಗೆ ಮಕ್ಕಳಾಗಕೂಡದು ಎಂದು ಸಾರಿದ್ದ. ಆ ಅಧ್ಯಯನ ಹುಳುಕಿನದೆಂದು ಮುಂದೆ ಗೊತ್ತಾಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಸಾವಿರಾರು ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದಿತ್ತು. 'ವಂಶ' ಎಂಬ ಶಬ್ದಕ್ಕೇ ಬಕ್ ಬೆದರಿದ್ದರೆ ಅದು ಸಹಜ.

ವಿಧಿಯ ಆಟ ನೋಡಿ. ಪುಸ್ತಕ ಬಂದು ಸುಮಾರು ಹತ್ತು ವರ್ಷದ ಮೇಲೆ ಮಗಳ ಕಾಯಿಲೆಗೆ ಹೆಸರು ಸಿಕ್ಕಿತು, ಫಿನೈಲ್‌ಕೀಟೋನ್ಯೂರಿಯ. ಅದು ವಂಶವಾಹಿಯಿಂದ ಬರುವಂಥದ್ದೇ! ನಾವು ತಿನ್ನುವ ಪ್ರೋಟೀನಿನಲ್ಲಿ ಫಿನೈಲ್‌ಅಲನಿನ್ ಎಂಬ ಅಂಶ ಇರುತ್ತದೆ. ತಾಯಿಯ ಹಾಲಿನಲ್ಲೂ ಇರುತ್ತದೆ. ಈ ಮಕ್ಕಳ ಮೈಗೆ ಅದನ್ನು ಅರಗಿಸಿಕೊಳ್ಳಲಾಗದೆ ಅದು ಸೇರುತ್ತಾ ಹೋಗಿ ಮಿದುಳನ್ನು ಕೆಡಿಸುತ್ತದೆ. ದೋಷವಿರುವ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದು ಸೇರಿದಾಗ ಮಾತ್ರ ಕಾಯಿಲೆ ಬರುತ್ತದೆ. ಒಂದೊಂದನ್ನೇ ಹೊತ್ತ ಗಂಡಹೆಂಡಿರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಅಂಥವರಿಗೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಅಂದಮೇಲೆ 'ವಂಶದಿಂದ ಬಂದದ್ದಲ್ಲ, ಆದ್ದರಿಂದ ನಾಚಬೇಡಿ' ಎಂಬ ವಾದ ಎಲ್ಲಿಗೆ ಬಂತು? ವಂಶದಿಂದಲೇ ಬಂದ ಮಗುವಿನ ತಾಯಿ ಕಟಕಟೆಯಲ್ಲಿ ಹಾಗೆಯೇ ನಿಂತಿರಬೇಕೆ? ಬಕ್ ಅವರೊಡನೆ ನನ್ನ ಜಗಳ ಇದೇ. ವಂಶದಿಂದ ಬಂದರೂ ಅದು ಯಾರ ತಪ್ಪೂ ಅಲ್ಲ ಎಂಬ ಮಾತನ್ನು ಅವರು ಹೇಳಬೇಕಿತ್ತು. ಮಗಳಿಗೆ ಆ ಪುಸ್ತಕದಲ್ಲಿ ಹೆಸರೂ ಇಲ್ಲ, ತಂದೆಯಂತೂ ಕಾಣುವುದೇ ಅಪರೂಪ. ಆಕೆಯ ಹೆಸರು ಕ್ಯಾರಲ್. 1992ರಲ್ಲಿ ಅವಳು ತೀರಿಕೊಂಡಳು.

ವಂಶವಾಹಿ ಎಂದೊಡನೆ ಹಣೆಬರಹ ಎಂದುಕೊಳ್ಳಬೇಕಾಗಿಯೂ ಇಲ್ಲ. ಈ ಕಾಯಿಲೆ ಪತ್ತೆಯಾದದ್ದೇ ನಾರ್ವೆಯ ಒಬ್ಬ ತಾಯಿಯ ಛಲದಿಂದ. ತನ್ನ ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆಯದು, ಮೈಯಿಂದ ಏನೋ ವಾಸನೆ, ಯಾಕೆ ಎಂದು ಆಕೆ ಕೇಳುತ್ತಲೇ ಹೋದಳು. 1934ರಲ್ಲಿ ಫೋಲಿಂಗ್ ಎಂಬ ವೈದ್ಯ ಆ ಮಕ್ಕಳ ಮೂತ್ರಕ್ಕೆ ರಾಸಾಯನಿಕ ಬೆರೆಸಿದಾಗ ಅದು ಹಸಿರಾಯಿತು, ಗುಟ್ಟು ಹೊರಬಿತ್ತು. 1950ರ ದಶಕದ ಮೊದಲಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಬ್ಬ ತಾಯಿ ಪಟ್ಟು ಹಿಡಿದು ಕೂತದ್ದರಿಂದ ಬಿಕೆಲ್ ಎಂಬ ವೈದ್ಯ ಪಥ್ಯದ ಆಹಾರ ತಯಾರಿಸಿದ. 1960ರ ದಶಕದ ಮೊದಲಲ್ಲಿ ಗತ್ರಿ ಎಂಬಾತ ಕೂಸಿನ ಹಿಮ್ಮಡಿಯ ಒಂದೆರಡು ಹನಿ ರಕ್ತದಿಂದ ಪರೀಕ್ಷಿಸುವ ದಾರಿ ಕಂಡುಹಿಡಿದ. ಅವನ ಮಗನೂ ಬುದ್ಧಿಮಾಂದ್ಯನೇ. ಇಂದು ಹುಟ್ಟಿದ ಕೆಲವೇ ದಿನಗಳಲ್ಲಿ ಪಥ್ಯ ಹಿಡಿಸಿದರೆ ಅಂಥ ಮಗು ಎಲ್ಲರಂತೆ ಬೆಳೆಯಬಲ್ಲದು. ವಂಶವಾಹಿ ಅದೇ, ಬದುಕು ಬೇರೆ.

ಎಲ್ಲ ನ್ಯೂನತೆಗಳೂ ಹೀಗೆ ಬರುವುದಿಲ್ಲ ಎಂಬುದೂ ತಿಳಿದಿರಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ವರ್ಣತಂತು ಒಂದು ಹೆಚ್ಚು, 46ರ ಬದಲು 47 ಎಂದು 1959ರಲ್ಲಿ ಪ್ಯಾರಿಸಿನ ವಿಜ್ಞಾನಿಗಳು ತೋರಿಸಿದರು. ಬಹುಪಾಲು ಅದು ಜೀವಕೋಶ ಒಡೆಯುವಾಗ ಆಗುವ ಆಕಸ್ಮಿಕ, ವಂಶದಲ್ಲಿ ಹರಿದು ಬಂದದ್ದಲ್ಲ. ಓದು ಬರಹ ಮಾತ್ರ ತೊಡಕಾಗುವ ಡಿಸ್ಲೆಕ್ಸಿಯಾ ಮನೆತನಗಳಲ್ಲಿ ಕಾಣಿಸಿಕೊಳ್ಳುವುದುಂಟು. ಅದರ ಹಿಂದೆ ಅನೇಕ ವಂಶವಾಹಿಗಳ ಚೂರುಪಾರು ಪಾತ್ರವಿದೆ. ಆ ಮಗು ಸೋಮಾರಿಯೂ ಅಲ್ಲ, ದಡ್ಡನೂ ಅಲ್ಲ.

ನಮ್ಮ ಕಡೆಯ ಮಾತೂ ಒಂದಿದೆ. ಕರ್ನಾಟಕದಲ್ಲಿ 1980ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲೇ ಆಗಿತ್ತು. ಸೋದರಮಾವ, ಅತ್ತೆಯ ಮಗ ಎಂದು ಕೊಟ್ಟುಕೊಂಡಾಗ ಒಂದೇ ದೋಷ ಎರಡು ದಾರಿಯಲ್ಲಿ ಬಂದು ಕೂಡುವ ಸಂಭವ ಹೆಚ್ಚು. ಅಂಥ ಮದುವೆಯ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತಾರೆ, ನಿಜ. ಆದರೂ ಮದುವೆಗೆ ಮೊದಲೇ, ಇಲ್ಲವೇ ಎರಡನೇ ಬಸುರಿಗೆ ಮೊದಲು, ತಿಳಿದ ವೈದ್ಯರನ್ನು ಕೇಳುವುದು ವಿವೇಕ. ಕೇಳಲು ಇಬ್ಬರೂ ಹೋಗಬೇಕು, ಹೆಂಡತಿ ಒಬ್ಬಳೇ ಅಲ್ಲ.

ಅಕ್ಕನ ಮಗನ ಕಾಯಿಲೆಗೆ ಯಾವ ವೈದ್ಯರೂ ಹೆಸರಿಡಲಿಲ್ಲ. ಅವನಿಗೀಗ ನಲವತ್ತು ದಾಟಿದೆ. ಬೆಳಗ್ಗೆ ಹಾಲು ತರುವುದು, ಸಂಜೆ ದೇವರ ಮುಂದೆ ಬತ್ತಿ ಹೊಸೆದಿಡುವುದು ಅವನ ಪಾಲಿನ ಕೆಲಸ. ಈ ಪುಸ್ತಕದ ಕಥೆಯನ್ನೆಲ್ಲ ನಾನು ಅಕ್ಕನಿಗೆ ಹೇಳಿದೆ. ಬೆವರಿದ ಕೈಯ ಮಾತು ಬಂದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೊನ್ನೆ ಮನೆಗೆ ಬಂದಿದ್ದ ದೂರದ ನೆಂಟರೊಬ್ಬರು ಅದೇ ಹಳೆಯ ಪ್ರಶ್ನೆ ತೆಗೆದರು. ಅಕ್ಕ ತಲೆ ತಗ್ಗಿಸಲಿಲ್ಲ.

"ನಮ್ಮಿಬ್ಬರ ಕಡೆಯಿಂದಲೂ ಬಂದವನು. ಕೂತ್ಕೊಳ್ಳಿ, ಕಾಫಿ ಅವನೇ ತಂದುಕೊಡ್ತಾನೆ" ಎಂದಳು.