ರಂಪಣಿಯ ಎಳೆತ

ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಲೇಬೇಕು. ನೀರಲ್ಲಿ ಕಪ್ಪಗೆ ಕದಲುವುದು ಬಂಗುಡೆಯ ಹಿಂಡೋ, ಮೋಡದ ನೆರಳೋ ಎಂದು ಅನುಭವಿಗಳು ದಡದಿಂದಲೇ ಹೇಳಿಬಿಡುತ್ತಾರೆ; ಆ ಕಣ್ಣಿಗೆ ನಾನು ಮಾರುಹೋಗಿದ್ದೇನೆ. ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಮರಳುತ್ತದೆ. ಎರಡೂ ತುದಿಗೆ ಹತ್ತಾರು ಜನ ಕೈಹಾಕುತ್ತಾರೆ. ಒಂದು ಬದಿ ಮುಂದಾದರೆ ಬಲೆ ಓರೆಯಾದೀತು, ಹೆಜ್ಜೆಗೆ ಹೆಜ್ಜೆ ಕೂಡಬೇಕು. ನಮ್ಮ ಗಮನವೆಲ್ಲ ತೇಲುವ ಬೆಂಡುಗಳ ಮೇಲೆ. ಆದರೆ ನಿಜವಾದ ಜಾಣ್ಮೆ ಇರುವುದು ತಳದ ಹಗ್ಗದಲ್ಲಿ. ಅದು ಮರಳು ಬಿಟ್ಟು ಗೇಣು ಎದ್ದರೂ ಮೀನು ಅಡಿಯಿಂದ ನುಸುಳಿ ಪಾರು. ಅದಕ್ಕೇ ದಡ ಹತ್ತಿರವಾದಂತೆ ಕೆಲವರು ನೀರಿಗಿಳಿದು ಅದನ್ನು ಕಾಲಿನಿಂದ ಒತ್ತಿ ಹಿಡಿಯುತ್ತಾರೆ. ಎಂಥ ಪಾದಗಳು ಅವು!

1970ರ ದಶಕದಲ್ಲಿ, ಮೀನಿನ ಹಿಂಡನ್ನು ಕಡಲಲ್ಲೇ ಸುತ್ತಿ ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಸೊರಗಿತು. ಆದರೂ ಹೀಗೆ ಎಳೆದ ಬಂಗುಡೆಗೆ ಐಸಿನ ಹಂಗಿಲ್ಲ. ಅಂದೇ ಜುಮ್ಮನಕಾಯಿ ಎಂಬ ಮಸಾಲೆಕಾಯಿ ಹಾಕಿದ ಸಾರಾಗುತ್ತದೆ.