ಸಹಿಯಿಲ್ಲದ ಸಾಕ್ಷ್ಯ: ಕೊಡಗಿನ ಒಂದು ಮೊಕದ್ದಮೆಯ ವಿಮರ್ಶೆ

ಘೋರವಾದ ಹಿಂಸಾಕೃತ್ಯವೊಂದು ನಡೆದಾಗ ರಾಜ್ಯದ ಮೇಲೆ ಎರಡು ಹೊಣೆಗಳು ಬೀಳುತ್ತವೆ. ಮತ್ತೆ ಅಂಥದು ನಡೆಯದಂತೆ ಪ್ರಜೆಯ ಪ್ರಾಣವನ್ನು ಕಾಯುವುದು ಮೊದಲನೆಯದು. ಕೃತ್ಯವೆಸಗಿದವನನ್ನೇ ಹಿಡಿದು, ಎಸಗದವನನ್ನು ಬಿಡುವುದು ಎರಡನೆಯದು. ಭದ್ರತೆ ಮತ್ತು ಸ್ವಾತಂತ್ರ್ಯಗಳನ್ನು ತಕ್ಕಡಿಯ ಎರಡು ತಟ್ಟೆಗಳಿಗೆ ಹೋಲಿಸಿ, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕೆಂದು ಹೇಳುವುದು ವಾಡಿಕೆಯಾಗಿದೆ. ಆದರೆ ತಟ್ಟೆಗಳನ್ನು ನೋಡುವ ಮೊದಲು ತೂಕದ ಬಟ್ಟು ಸರಿಯಾಗಿದೆಯೇ ಎಂದು ನೋಡಬೇಕಷ್ಟೆ. ಅಪರಾಧದ ಮೊಕದ್ದಮೆಯಲ್ಲಿ ಆ ಬಟ್ಟು ಎಂದರೆ ಸಾಕ್ಷ್ಯ. ಸಾಕ್ಷ್ಯವೇ ಸುಳ್ಳಾದರೆ ನಿರಪರಾಧಿ ಸೆರೆಯಲ್ಲಿ ಕೊಳೆಯುತ್ತಾನೆ, ಅಪರಾಧಿ ಬೀದಿಯಲ್ಲಿ ತಿರುಗುತ್ತಾನೆ. ಆಗ ಸ್ವಾತಂತ್ರ್ಯವೂ ಇಲ್ಲ, ಭದ್ರತೆಯೂ ಇಲ್ಲ.

ಈ ಮಾತನ್ನು ಪರೀಕ್ಷಿಸಲು ಕೊಡಗಿನಲ್ಲಿಯೇ ಹುಟ್ಟಿದ ಮೊಕದ್ದಮೆಯೊಂದಿದೆ. 2008ರ ಜುಲೈ 25ರಂದು ಬೆಂಗಳೂರಿನ ಹಲವು ಕಡೆಗಳಲ್ಲಿ ಒಂದರ ಹಿಂದೊಂದರಂತೆ ಬಾಂಬುಗಳು ಸಿಡಿದವು. ಮಡಿವಾಳದಲ್ಲಿ ಬಸ್ಸಿಗಾಗಿ ಕಾದಿದ್ದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು, ಅನೇಕರು ಗಾಯಗೊಂಡರು. ತನಿಖೆಯ ಎಳೆ ಕೊಡಗಿನವರೆಗೆ ಬಂದಿತು. ಸಂಚಿನ ಒಂದು ಭಾಗ ಇಲ್ಲಿನ ಎಸ್ಟೇಟೊಂದರಲ್ಲಿ ನಡೆಯಿತೆಂದೂ, ಕೇರಳದ ಪಿಡಿಪಿ ಪಕ್ಷದ ನಾಯಕ ಅಬ್ದುಲ್ ನಾಸರ್ ಮದನಿ ಅಲ್ಲಿಗೆ ಬಂದಿದ್ದರೆಂದೂ ಪೊಲೀಸರು ಆರೋಪಿಸಿದರು. 2010ರ ಆಗಸ್ಟ್ 17ರಂದು ಮದನಿಯವರ ಬಂಧನವಾಯಿತು. ಅವರನ್ನು ಕೊಡಗಿನಲ್ಲಿ ಕಂಡವರೆಂದು ಹೆಸರಿಸಲಾದ ಸ್ಥಳೀಯ ಸಾಕ್ಷಿಗಳ ಹೇಳಿಕೆಗಳು ಈ ಆರೋಪಕ್ಕೆ ಮುಖ್ಯ ಆಧಾರವಾದವು.

ಅದೇ ವರ್ಷದ ನವೆಂಬರಿನಲ್ಲಿ ‘ತೆಹಲ್ಕಾ’ ಪತ್ರಿಕೆಯ ವರದಿಗಾರ್ತಿ ಕೆ.ಕೆ. ಶಾಹಿನಾ ಕೊಡಗಿಗೆ ಬಂದು ಆ ಸಾಕ್ಷಿಗಳಲ್ಲಿ ಕೆಲವರನ್ನು ಮಾತನಾಡಿಸಿದರು. ಪೊಲೀಸರ ಕಾಗದದಲ್ಲಿರುವುದಕ್ಕೂ ಸಾಕ್ಷಿಗಳು ತಮ್ಮ ಮುಂದೆ ಆಡಿದ ಮಾತಿಗೂ ತಾಳೆಯಿಲ್ಲವೆಂದು ಅವರು ಬರೆದರು. ತಾನು ಸಾಕ್ಷಿಯೆಂಬುದೇ ಒಬ್ಬರಿಗೆ ತಿಳಿದಿರಲಿಲ್ಲವೆಂಬುದು ಆ ವರದಿಯ ಸಾರಗಳಲ್ಲಿ ಒಂದು. ಕೊಡಗಿನ ಪೊಲೀಸರು ಶಾಹಿನಾ ಅವರ ಮೇಲೆಯೇ, ಸಾಕ್ಷಿಗಳನ್ನು ಬೆದರಿಸಿದರೆಂದು ಮೊಕದ್ದಮೆ ಹೂಡಿದರು. ಸಾಮಾನ್ಯ ದಂಡ ಸಂಹಿತೆಯ ಜೊತೆಗೆ, ಭಯೋತ್ಪಾದನೆಯನ್ನು ತಡೆಯಲು ಇರುವ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಅಧಿನಿಯಮದ 22ನೆಯ ಕಲಮನ್ನೂ ಹಚ್ಚಲಾಯಿತು. ಹೈಕೋರ್ಟಿನಿಂದ ನಿರೀಕ್ಷಣಾ ಜಾಮೀನು ಪಡೆದ ಅವರು ಮುಂದಿನ ವರ್ಷಗಳಲ್ಲಿ ಕೊಡಗಿನ ನ್ಯಾಯಾಲಯಕ್ಕೆ ಅಲೆದರು. 2023ರಲ್ಲಿ ಅಂತರರಾಷ್ಟ್ರೀಯ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿ ಅವರಿಗೆ ಬಂದಾಗಲೂ ಆ ಮೊಕದ್ದಮೆ ಇತ್ಯರ್ಥವಾಗಿರಲಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಕಂಡ ಚಮೇಲಿ ದೇವಿ ಜೈನ್ ಅವರ ಹೆಸರಿನಲ್ಲಿ ಮಹಿಳಾ ಪತ್ರಕರ್ತರಿಗೆ ಕೊಡುವ ಪ್ರಶಸ್ತಿಯೂ ಶಾಹಿನಾ ಅವರಿಗೆ ಸಂದಿದೆ ಎಂಬುದನ್ನು ಜೈನ ಓದುಗರು ಗಮನಿಸಬಹುದು. ಪ್ರಶಸ್ತಿಗಳು ಮೊಕದ್ದಮೆಯನ್ನು ತೀರ್ಮಾನಿಸಲಾರವು, ನಿಜ. ಮದನಿಯವರು ತಪ್ಪಿತಸ್ಥರೇ ಅಲ್ಲವೇ, ವರದಿಗಾರ್ತಿಯ ನಡೆ ಸರಿಯೇ ತಪ್ಪೇ ಎಂಬುದು ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಇಲ್ಲಿ ವಿಮರ್ಶೆಗೆ ಒಳಗಾಗಬೇಕಾದುದು ಕಾನೂನಿನ ವಿಧಾನ.

ಮೊದಲು ರಾಜ್ಯದ ಪಕ್ಷವನ್ನು ಪೂರ್ಣವಾಗಿ ಕೇಳಬೇಕು. ಸಾಕ್ಷಿಗಳನ್ನು ಹೆದರಿಸಿ ಮಾತು ತಿರುಗಿಸುವುದು ಈ ದೇಶದಲ್ಲಿ ಕಲ್ಪನೆಯಲ್ಲ. ಎಸ್ಟೇಟಿನ ಲೈನ್ ಮನೆಯಲ್ಲಿ ಬಾಳುವ ಕೂಲಿಗಾರನಿಗೆ, ಕಾಡಂಚಿನ ಒಂಟಿ ಮನೆಯ ರೈತನಿಗೆ, ಬಾಂಬಿನ ಮೊಕದ್ದಮೆಯಲ್ಲಿ ಸಾಕ್ಷಿ ನುಡಿಯುವುದು ಪ್ರಾಣಾಪಾಯದ ಕೆಲಸವೇ ಆದೀತು. ಸಾಕ್ಷಿಗಳ ರಕ್ಷಣೆಗೆ ಯೋಜನೆಯೊಂದು ಅವಶ್ಯವೆಂದು ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ಒಪ್ಪಿ, ಅದನ್ನು ದೇಶದಾದ್ಯಂತ ಜಾರಿಗೆ ತರಲು ಆದೇಶಿಸಿತು. ಅಪರಿಚಿತರು ಬಂದು ಸಾಕ್ಷಿಯ ಬಾಗಿಲು ತಟ್ಟಿದರೆ ಪೊಲೀಸರು ಎಚ್ಚರಗೊಳ್ಳುವುದು ಕರ್ತವ್ಯವೇ ಸರಿ.

ಆದರೆ 22ನೆಯ ಕಲಮು ದಂಡಿಸುವುದು ಏನನ್ನು? ಸಾಕ್ಷಿಗೆ ಹಿಂಸೆಯ ಬೆದರಿಕೆ ಹಾಕುವುದು, ಅವನನ್ನು ಅಕ್ರಮವಾಗಿ ತಡೆಯುವುದು, ಕೂಡಿಹಾಕುವುದು, ಈ ಉದ್ದೇಶದಿಂದ ಬೇರೆ ಕಾನೂನುಬಾಹಿರ ಕೃತ್ಯ ಮಾಡುವುದು. ಪ್ರಶ್ನೆ ಕೇಳುವುದು ಈ ಪಟ್ಟಿಯಲ್ಲಿಲ್ಲ. ಪ್ರಶ್ನೆಗೂ ಬೆದರಿಕೆಗೂ ನಡುವಿನ ಗೆರೆಯನ್ನು ಯಾರು ಎಳೆಯಬೇಕೆಂಬುದೇ ಇಲ್ಲಿನ ಮುಖ್ಯ ಸಂಗತಿ. ಪೊಲೀಸರು ಬರೆದುಕೊಂಡ ಹೇಳಿಕೆಯ ಸತ್ಯಾಸತ್ಯತೆಯನ್ನು ಒಬ್ಬರು ಪ್ರಶ್ನಿಸಿದಾಗ, ಆ ಪ್ರಶ್ನೆಯೇ ಅಪರಾಧವೋ ಎಂಬುದನ್ನು ಪೊಲೀಸರೇ ಮೊದಲು ನಿರ್ಧರಿಸುವಂತಾಯಿತು. ಅಂಗಡಿಯ ಲೆಕ್ಕವನ್ನು ತನಿಖೆ ಮಾಡಲು ಬಂದವನ ಮೇಲೆ ಗುಮಾಸ್ತನೇ ಕಳವಿನ ದೂರು ಕೊಟ್ಟಂತೆ ಇದು. ಗುಮಾಸ್ತನು ಪ್ರಾಮಾಣಿಕನೇ ಇರಬಹುದು. ಆದರೂ ಆ ದೂರಿನ ವಿಚಾರಣೆ ಅವನ ಕೈಯಲ್ಲಿರಬಾರದು.

ಇನ್ನು ಹೇಳಿಕೆಯ ಸ್ವರೂಪವನ್ನು ನೋಡೋಣ. ಪೊಲೀಸ್ ಅಧಿಕಾರಿಯು ತನಿಖೆಯ ಕಾಲದಲ್ಲಿ ಸಾಕ್ಷಿಯ ಹೇಳಿಕೆಯನ್ನು ದಂಡ ಪ್ರಕ್ರಿಯಾ ಸಂಹಿತೆಯ 161ನೆಯ ಕಲಮಿನಂತೆ ಬರೆದುಕೊಳ್ಳುತ್ತಿದ್ದನು. ಅದಕ್ಕೆ ಸಾಕ್ಷಿಯ ಸಹಿ ಪಡೆಯಬಾರದೆಂದು 162ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ನಿಯಮ ಇದೇ. ಇದರ ಉದ್ದೇಶ ಸದುದ್ದೇಶವೇ. ಠಾಣೆಯಲ್ಲಿ ಬರೆದ ಕಾಗದಕ್ಕೆ ಪ್ರಜೆ ಕಟ್ಟುಬೀಳಬಾರದು, ಅವನು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ನುಡಿದದ್ದೇ ಸಾಕ್ಷ್ಯವಾಗಬೇಕು, ಪಾಟಿ ಸವಾಲಿನಲ್ಲಿ ಅದು ನಿಲ್ಲಬೇಕು ಎಂದು ಕಾನೂನು ಬಯಸಿತು. ಪೊಲೀಸರ ಕಾಗದ ಬರಿಯ ಟಿಪ್ಪಣಿ. ಟಿಪ್ಪಣಿಯಲ್ಲಿ ಏನಿದೆಯೆಂಬುದು ಸಾಕ್ಷಿಗೇ ತಿಳಿಯದಿರುವ ಸಾಧ್ಯತೆ ಈ ಪದ್ಧತಿಯೊಳಗೇ ಇದೆ. ಅದರಿಂದ ಹೆಚ್ಚಿನ ಕೇಡಾಗುತ್ತಿರಲಿಲ್ಲ, ಏಕೆಂದರೆ ಆ ಕಾಗದಕ್ಕೆ ಬೆಲೆ ಕಡಿಮೆಯಿತ್ತು.

ಆ ಬೆಲೆಯನ್ನು ಒಂದು ದಾಳಿಯ ನಂತರದ ತಿದ್ದುಪಡಿ ಹೆಚ್ಚಿಸಿತು. 2008ರ ನವೆಂಬರ್ 26ರ ಮುಂಬಯಿ ದಾಳಿಯಾದ ಮುಂದಿನ ತಿಂಗಳಲ್ಲಿಯೇ ಸಂಸತ್ತು ಅಧಿನಿಯಮವನ್ನು ತಿದ್ದಿತು. ಆರೋಪಪಟ್ಟಿ ಸಲ್ಲಿಸದೆಯೇ ಆರೋಪಿಯನ್ನು 180 ದಿನಗಳವರೆಗೆ ಬಂಧನದಲ್ಲಿಡಲು ಅವಕಾಶವಾಯಿತು. ಪೊಲೀಸರ ಕೇಸ್ ಡೈರಿಯನ್ನೋ ವರದಿಯನ್ನೋ ನೋಡಿದಾಗ ಆರೋಪವು ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನು ಕೊಡಕೂಡದೆಂಬ ನಿಯಮವೂ ಬಂದಿತು. 2019ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಜಾಮೀನಿನ ಹಂತದಲ್ಲಿ ಆ ಸಾಮಗ್ರಿಯನ್ನು ಒರೆಗೆ ಹಚ್ಚಿ ತಿರಸ್ಕರಿಸುವುದು ಸಲ್ಲದೆಂದು ಹೇಳಿತು. ಪರಿಣಾಮವನ್ನು ಯೋಚಿಸಿ. ಅಂತಿಮ ತೀರ್ಪಿನಲ್ಲಿ ಸಾಕ್ಷ್ಯವೇ ಅಲ್ಲದ, ನುಡಿದವನ ಸಹಿಯೇ ಇಲ್ಲದ ಕಾಗದವು ತೀರ್ಪು ಬರುವವರೆಗೆ ಮನುಷ್ಯನನ್ನು ಸೆರೆಯಲ್ಲಿಡಲು ಸಾಕಾಯಿತು. ಸಹಿಯಿಲ್ಲದ ಹುಂಡಿಗೆ ಯಾವ ವರ್ತಕನೂ ಹಣ ಕೊಡುವುದಿಲ್ಲ. ಸಹಿಯಿಲ್ಲದ ವೋಚರನ್ನು ಯಾವ ಬಸದಿಯ ಟ್ರಸ್ಟೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಣದ ವಿಷಯದಲ್ಲಿ ಇರುವ ಈ ಎಚ್ಚರ ಮನುಷ್ಯನ ಆಯುಷ್ಯದ ವಿಷಯದಲ್ಲಿ ಬೇಡವೇ?

ಸಮರ್ಥಕರು ಒಂದು ಮಾತು ಹೇಳುತ್ತಾರೆ: ನಿರಪರಾಧಿಯಾದರೆ ಕೊನೆಗೆ ಬಿಡುಗಡೆಯಾಗುತ್ತಾನಷ್ಟೆ. ಕರ್ನಾಟಕದ ಅನುಭವವೇ ಇದಕ್ಕೆ ಉತ್ತರ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡದವರು ಇಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. ಆ ಕಾಲದ ಟಾಡಾ ಕಾಯಿದೆಯಡಿ ಮಲೆ ಮಹದೇಶ್ವರ ಬೆಟ್ಟದ ಸೀಮೆಯ ನೂರಾರು ಬಡವರ ಬಂಧನವಾಯಿತು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪಿತ್ತಾಗ ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಶಿಕ್ಷೆಗೊಳಗಾದವರು 14 ಮಂದಿ. ಅಷ್ಟರಲ್ಲಿ ಹಲವರ ಪಾಲಿಗೆ ಎಂಟು ವರ್ಷಗಳು ಸೆರೆಮನೆಯಲ್ಲಿ ಕಳೆದಿದ್ದವು. ಕಾರ್ಯಾಚರಣೆಯ ಕಾಲದ ದೌರ್ಜನ್ಯಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿದ ಮೇಲೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರವನ್ನು ಶಿಫಾರಸು ಮಾಡಿತು. ಇಷ್ಟು ಮಂದಿ ಒಳಗಿದ್ದರೂ ವೀರಪ್ಪನ್ 2004ರವರೆಗೆ ಕಾಡಿನಲ್ಲಿಯೇ ಇದ್ದನು, 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದೂ ಆಗಲೇ. ಸ್ವಾತಂತ್ರ್ಯವನ್ನು ಕಳೆದುಕೊಂಡ ಜನಕ್ಕೆ ಭದ್ರತೆಯೂ ದೊರೆಯಲಿಲ್ಲ.

ಮದನಿಯವರ ವಿಷಯವೂ ಯೋಚನೆಗೆ ಹಚ್ಚುವಂಥದು. 1998ರ ಕೊಯಮತ್ತೂರು ಸ್ಫೋಟದಲ್ಲಿ 58 ಜನ ಸತ್ತರು. ಆ ಮೊಕದ್ದಮೆಯಲ್ಲಿ ಅವರು ಒಂಬತ್ತು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದು 2007ರ ಆಗಸ್ಟ್ 1ರಂದು ಖುಲಾಸೆಯಾದರು. ಮೂರು ವರ್ಷಗಳ ಮೇಲೆ ಬೆಂಗಳೂರಿನ ಮೊಕದ್ದಮೆಯಲ್ಲಿ ಮತ್ತೆ ಬಂಧನ. 2014ರ ಜುಲೈಯಲ್ಲಿ, ಬೆಂಗಳೂರು ಬಿಟ್ಟು ಹೋಗಬಾರದೆಂಬ ಕಟ್ಟಳೆಯೊಡನೆ ಜಾಮೀನು. 2023ರ ಜುಲೈಯಲ್ಲಿ ಊರಿಗೆ ಹೋಗಿ ಇರಲು ಸುಪ್ರೀಂ ಕೋರ್ಟು ಅನುಮತಿ ಕೊಟ್ಟಾಗಲೂ ವಿಚಾರಣೆ ಕೊನೆಗಂಡಿರಲಿಲ್ಲ. ಒಬ್ಬ ಮುಖಂಡನ ಭಾಷಣಗಳನ್ನು, ರಾಜಕೀಯವನ್ನು ಒಪ್ಪದಿರುವ ಹಕ್ಕು ಎಲ್ಲರಿಗೂ ಇದೆ. ಅದು ಬೇರೆ ಮಾತು. ಇಲ್ಲಿ ಕೇಳಬೇಕಾದ ಪ್ರಶ್ನೆ, ಹದಿನೈದು ವರ್ಷಗಳ ವಿಚಾರಣೆಯಿಂದ ಮಡಿವಾಳದಲ್ಲಿ ಮಡಿದ ಆ ಮಹಿಳೆಯ ಮನೆಯವರಿಗೆ ದೊರೆತ ನ್ಯಾಯವೇನು ಎಂಬುದು. ವಿಳಂಬದಿಂದ ಆರೋಪಿ ಎಷ್ಟು ನೊಂದನೋ ಸಂತ್ರಸ್ತರೂ ಅಷ್ಟೇ ನೊಂದರು.

ಗೃಹಸ್ಥನಿಗೂ ರಾಜನಿಗೂ ವಿರೋಧಿ ಹಿಂಸೆ ಅನಿವಾರ್ಯವಾಗಬಹುದೆಂದು ಜೈನಾಚಾರ್ಯರು ಒಪ್ಪಿದ್ದಾರೆ. ದಾಳಿಕೋರನನ್ನು ತಡೆಯುವ ರಾಜ್ಯದ ದಂಡಶಕ್ತಿಯನ್ನು ಅಹಿಂಸೆಯ ಹೆಸರಿನಲ್ಲಿ ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಅನುಮತಿ ವಿರೋಧಿಯ ಮಟ್ಟಿಗೆ ಮಾತ್ರ. ವಿರೋಧಿಯಲ್ಲದವನನ್ನು ವಿರೋಧಿಯೆಂದು ಬರೆದು ದಂಡಿಸಿದರೆ ಅದು ಸಂಕಲ್ಪ ಹಿಂಸೆಯ ಸಮೀಪಕ್ಕೆ ಬರುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಇಲ್ಲದ್ದನ್ನು ಇದೆಯೆಂದು ಬರೆದಿಡುವುದನ್ನು, ತತ್ತ್ವಾರ್ಥಸೂತ್ರವು ಎಣಿಸಿರುವುದು ಗಮನಾರ್ಹ. ಅಹಿಂಸೆಯ ಗೆರೆಯನ್ನು ಕೊನೆಗೆ ಕಾಯುವುದು ಸತ್ಯವೇ.

ಹಾಗಾದರೆ ಮಾಡಬೇಕಾದುದೇನು? ಹೊಸ ಸಂಹಿತೆಯ 183ನೆಯ ಕಲಮಿನಂತೆ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ ಯಾರನ್ನು ಕರೆತರಬೇಕೆಂಬುದು ಪೊಲೀಸರ ಇಚ್ಛೆಗೆ ಉಳಿದಿದೆ. ಯಾರ ಮಾತಿನ ಮೇಲೆ ಜಾಮೀನು ನಿರಾಕರಣೆ ನಿಂತಿದೆಯೋ ಅಂಥ ಪ್ರತಿ ಸಾಕ್ಷಿಯನ್ನೂ ಗೊತ್ತಾದ ದಿನಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರುವುದು ಕಡ್ಡಾಯವಾಗಬೇಕು. ಪೊಲೀಸ್ ಹೇಳಿಕೆಯನ್ನು ಧ್ವನಿ-ಚಿತ್ರ ಮುದ್ರಣ ಮಾಡಲು 2009ರ ಕೊನೆಯಿಂದಲೇ ಅವಕಾಶವಿದೆ. ಭಯೋತ್ಪಾದನೆಯ ಮೊಕದ್ದಮೆಗಳಲ್ಲಿ ಅದು ನಿಯಮವಾಗಬೇಕು. ಮುದ್ರಿತವಾದ ಮಾತು ಪ್ರಾಮಾಣಿಕ ಅಧಿಕಾರಿಗೂ ರಕ್ಷೆಯೇ. ಸಾಕ್ಷಿಯನ್ನು ಬೆದರಿಸಿದರೆಂಬ ದೂರು ಬಂದಾಗ, ಮೂಲ ಮೊಕದ್ದಮೆಯ ನ್ಯಾಯಾಧೀಶರು ಸಾಕ್ಷಿಯನ್ನು ಸ್ವತಃ ಕೇಳಿ ಅನುಮತಿಸಿದ ಮೇಲೆ ಮಾತ್ರ 22ನೆಯ ಕಲಮು ಹಚ್ಚುವಂತಾಗಬೇಕು. ದೀರ್ಘ ಸೆರೆವಾಸದ ಬಳಿಕ ಖುಲಾಸೆಯಾದವನಿಗೆ ಪರಿಹಾರವು ಹಕ್ಕಾಗಿ ದೊರೆಯಬೇಕು.

ನ್ಯಾಯಾಲಯಗಳು ಈ ದಾರಿಯಲ್ಲಿ ಸ್ವಲ್ಪ ಮುಂದೆ ಬಂದಿವೆ. ವಿಚಾರಣೆ ವಿಪರೀತ ತಡವಾದರೆ ಈ ಅಧಿನಿಯಮದಡಿಯೂ ಜಾಮೀನು ಕೊಡಬಹುದೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಹೇಳಿತು. ಜಾಮೀನಿನ ಹಂತದಲ್ಲಿಯೂ ಸಾಕ್ಷ್ಯದ ಯೋಗ್ಯತೆಯನ್ನು ಮೇಲ್ಮಟ್ಟದಲ್ಲಾದರೂ ತೂಗಬೇಕೆಂದು 2023ರ ಜುಲೈಯಲ್ಲಿ ಇನ್ನೊಂದು ಪೀಠ ಅಭಿಪ್ರಾಯಪಟ್ಟಿತು. ಆದರೆ ತಡವಾಗುವವರೆಗೆ ಕಾಯಬೇಕಾದ ಪರಿಹಾರವು ಅರ್ಧ ಪರಿಹಾರವಷ್ಟೆ.

ಕೇರಳದಿಂದ ಬಂದು ಗದ್ದೆಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವವರು, ತಲೆಮಾರುಗಳಿಂದ ನೆಲೆಸಿದ ವ್ಯಾಪಾರಿಗಳು, ಕಾಫಿ ಕೊಯ್ಲಿಗೆ ದೂರದೂರುಗಳಿಂದ ಬರುವ ಕೂಲಿಗಳು, ಇವರೆಲ್ಲ ಸೇರಿದ ಜಿಲ್ಲೆ ಕೊಡಗು. ಇಂಥ ಊರಿನಲ್ಲಿ ಸಂಶಯ ಬೇಗ ಹಬ್ಬುತ್ತದೆ. ಪೊಲೀಸರ ಮುಂದೆ ಕಂಡದ್ದನ್ನು ಹೇಳಲು ಜನ ಹೆದರಬಾರದು. ಕಾಣದ್ದನ್ನು ಕಂಡಿಲ್ಲವೆಂದು ಹೇಳಲೂ ಹೆದರಬಾರದು. ಈ ಎರಡನೆಯ ಧೈರ್ಯವನ್ನು ಕಾನೂನು ಕಾಯದಿದ್ದರೆ ಮೊದಲನೆಯದಕ್ಕೆ ಬೆಲೆ ಉಳಿಯುವುದಿಲ್ಲ. ಮುಂದಿನ ದಾಳಿಯನ್ನು ತಡೆಯಲು ರಾಜ್ಯಕ್ಕೆ ಬೇಕಾದ ಮಾಹಿತಿಯೂ ಅದೇ ಜನರ ಬಾಯಿಂದಲೇ ಬರಬೇಕಾಗಿದೆ.